ವಿ-2, ರೆಡ್‌ಸ್ಟೋನ್, ಆರ್-7: ಮೊದಮೊದಲ ಲಿಕ್ವಿಡ್ ಎಂಜಿನ್‌ಗಳನ್ನ ಹೋಲಿಸೋದಾದ್ರೆ ಎಲ್ಲಿ ನೋಡ್ಬೇಕು?

ಪ್ರಶ್ನೆ: ಸರ್, ನಾನು ಮೆಕ್ಯಾನಿಕಲ್ ಮೂರನೇ ವರ್ಷ ಓದ್ತಿದೀನಿ, ಹಳೇ ಲಿಕ್ವಿಡ್ ರಾಕೆಟ್ ಎಂಜಿನ್‌ಗಳ ಮೇಲೆ ಸೆಮಿನಾರ್ ಕೊಡ್ಬೇಕು. ಜರ್ಮನಿಯ ಯುದ್ಧಕಾಲದ ಮಿಸೈಲ್ ವಿ-2, ಅಮೆರಿಕದ ರೆಡ್‌ಸ್ಟೋನ್ ಮತ್ತೆ ಅಟ್ಲಾಸ್, ರಷ್ಯಾದ ಆರ್-7 ಇವುಗಳಲ್ಲಿ ಯಾವ ಎಂಜಿನ್ ಬೆಸ್ಟ್ ಅಂತ ಹೇಗೆ ಹೇಳೋದು? ಎಲ್ಲಾನೂ ವಿ-2 ಕಾಪಿ ಅಂತಾರಲ್ಲ, ನಿಜಾನಾ? ರಷ್ಯಾದವರು ಒಂದೇ ಎಂಜಿನ್‌ಗೆ ನಾಲ್ಕು ನಾಲ್ಕು ನಾಝಲ್ ಯಾಕಿಟ್ರು, ದೊಡ್ಡದೊಂದು ಮಾಡೋಕೆ ಬರ್ತಿರಲಿಲ್ವಾ? ನಮ್ಮ ಇಸ್ರೋದ ವಿಕಾಸ್ ಎಂಜಿನ್ ಇದರಲ್ಲಿ ಎಲ್ಲಿ ಬರತ್ತೆ?

ಉತ್ತರ: ನಾಲ್ಕು ನಾಝಲ್ ವಿಷಯದಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಅದು ಬಿಡಿಸಿಕೊಂಡ್ರೆ ಮಿಕ್ಕಿದ್ದೆಲ್ಲ ತಾನಾಗೇ ಬಿಡಿಸಿಕೊಳ್ಳತ್ತೆ. ಹೌದು, ರಷ್ಯಾದವರಿಗೆ ಆಗ ದೊಡ್ಡ ಚೇಂಬರ್, ಅಂದ್ರೆ ಇಂಧನ ಉರಿಯೋ ಪಾತ್ರೆ, ಮಾಡೋಕೆ ಬರಲಿಲ್ಲ. ವರ್ಷಗಟ್ಟಲೆ ಒದ್ದಾಡಿದ್ರು, ಆಗಲಿಲ್ಲ, ಬಿಟ್ರು. ಹಾಗೆ ಬಿಟ್ಟಿದ್ದೇ ಅವರು ಮಾಡಿದ ಅತ್ಯಂತ ಬುದ್ಧಿವಂತ ಕೆಲಸ ಅಂತ ನನ್ನ ಅಭಿಪ್ರಾಯ, ಯಾಕೆ ಅಂತ ಹೇಳ್ತೀನಿ.

ಮೊದಲು ಒಂದು ಲೆಕ್ಕ ನೋಡಿ. ವಿ-2 ಎಂಜಿನ್‌ದು ಒಂದೇ ಚೇಂಬರ್, ನೆಲದ ಮೇಲೆ ಸುಮಾರು 25 ಟನ್ ಥ್ರಸ್ಟ್, ಅಂದ್ರೆ ತಳ್ಳೋ ಬಲ. ಹದಿನೈದು ವರ್ಷ ಆದಮೇಲೆ 1957ರಲ್ಲಿ ಸ್ಪುಟ್ನಿಕ್ ಹಾರಿಸಿದ ಆರ್-7ನ ಪಕ್ಕದ ಬೂಸ್ಟರ್‌ನಲ್ಲಿ ಇದ್ದದ್ದು ಆರ್‌ಡಿ-107, ನೆಲದ ಮೇಲೆ ಸುಮಾರು 83 ಟನ್, ಆದ್ರೆ ಅದು ನಾಲ್ಕು ಚೇಂಬರ್ ಸೇರಿ. ಭಾಗಿಸಿದ್ರೆ ಒಂದಕ್ಕೆ 20 ಟನ್ ಚಿಲ್ಲರೆ ಅಷ್ಟೆ! ಅಂದ್ರೆ ಪ್ರಪಂಚದ ಮೊದಲ ಉಪಗ್ರಹ ಹಾರಿಸಿದ ಎಂಜಿನ್‌ನ ಒಂದೊಂದು ಚೇಂಬರೂ ಯುದ್ಧಕಾಲದ ವಿ-2 ಚೇಂಬರ್‌ಗಿಂತ ಕಮ್ಮಿ ತಳ್ತಿತ್ತು. ಥ್ರಸ್ಟ್ ನಂಬರ್ ಮಾತ್ರ ನೋಡಿ ಹೋಲಿಸೋರು ಇಲ್ಲೇ ದಾರಿ ತಪ್ಪೋದು. ಈಗ ಗಾತ್ರ ನೋಡಿ, ವಿ-2 ಚೇಂಬರ್ ಹೊಟ್ಟೆ ಹತ್ರ ಹತ್ರ ಒಂದು ಮೀಟರ್ ಅಗಲ, ಆರ್‌ಡಿ-107ದು 43 ಸೆಂಟಿಮೀಟರ್. ಒಂದು ದೊಡ್ಡ ಹಂಡೆ, ಇನ್ನೊಂದು ಬಿಂದಿಗೆ ಇದ್ದ ಹಾಗೆ. ಬಿಂದಿಗೆ ಗಾತ್ರದ ಪಾತ್ರೆಯಿಂದ ಹೆಚ್ಚುಕಮ್ಮಿ ಅಷ್ಟೇ ಬಲ ಹೇಗೆ ಬಂತು? ಒಳಗಿನ ಒತ್ತಡ ವಿ-2ನಲ್ಲಿ ಸುಮಾರು 15 ಬಾರ್, ಆರ್‌ಡಿ-107ನಲ್ಲಿ 58ರ ಆಸುಪಾಸು. ಈ 15ರಿಂದ 58ಕ್ಕೆ ಹೋಗಿದ್ದೇ ಆ ಕಾಲದ ಎಂಜಿನ್‌ಗಳ ನಿಜವಾದ ಚರಿತ್ರೆ.

ಒತ್ತಡ ಏರಿಸೋಕೆ ಯಾರು ಬೇಡ ಅಂದ್ರು, ಪಂಪ್ ಜೋರಾಗಿ ತಿರುಗಿಸಿದ್ರೆ ಆಯ್ತಲ್ಲ ಅಂತ ಅನ್ನಿಸಬಹುದು. ಆದ್ರೆ ಒತ್ತಡ ಏರಿದ ಹಾಗೆ ಗೋಡೆಗೆ ಬಡಿಯೋ ಶಾಖ ಏರತ್ತೆ, ಗೋಡೆ ಕರಗತ್ತೆ. ಇನ್ನೊಂದು ಇದಕ್ಕಿಂತ ಕೆಟ್ಟದು, ಒಳಗೆ ಉರೀತಿರೋ ಗ್ಯಾಸ್ ಕೂಗೋಕೆ ಶುರು ಮಾಡತ್ತೆ, ಆ ಕೂಗಿಗೆ ಎಂಜಿನ್ನೇ ಚೂರಾಗತ್ತೆ. ಗೋಡೆ ಕರಗಬಾರದು, ಬೆಂಕಿ ಕೂಗಬಾರದು. ಈ ಎರಡನ್ನ ಯಾರು ಹೇಗೆ ಸಂಭಾಳಿಸಿದ್ರು ಅಂತ ನೋಡಿ ಹೋಲಿಸಿ. ಅದಕ್ಕೆ ನೋಡಬೇಕಾದ ಜಾಗ ಎಂಜಿನ್ ಕೆಳಗಿನ ನಾಝಲ್ ಅಲ್ಲ, ಮೇಲಿನ ತಲೆ, ಅಂದ್ರೆ ಇಂಧನ ಮತ್ತೆ ಆಕ್ಸಿಜನ್ ಒಳಗೆ ಎರಚೋ ಇಂಜೆಕ್ಟರ್.

ಈಗ ವಿ-2. ಅದರ ತಲೆ ಫೋಟೋ ಹುಡುಕಿ ಹತ್ರದಿಂದ ನೋಡಿ. ಮುಚ್ಚಳದ ಮೇಲೆ ಲೋಟ ಬೋರಲು ಹಾಕಿದ ಹಾಗೆ 18 ಕಪ್ಪುಗಳು (ಬಣ್ಣ ಅಲ್ಲ, ಟೀ ಕಪ್ಪಿನ ಥರದ ಕಪ್ಪು), ಒಳಸುತ್ತಲ್ಲಿ 6, ಹೊರಸುತ್ತಲ್ಲಿ 12. ಒಂದೊಂದು ಕಪ್ಪಿನ ನೆತ್ತಿಗೂ ಒಂದೊಂದು ಪೈಪು ಬಂದು ಕೂತಿರತ್ತೆ, ಅದು ಲಿಕ್ವಿಡ್ ಆಕ್ಸಿಜನ್ ತರೋ ಪೈಪು, 18 ಕಪ್ಪಿಗೆ 18 ಪೈಪು, ನೋಡಿದ್ರೆ ಆಲದ ಬಿಳಲು ಇಳಿಬಿಟ್ಟ ಹಾಗಿರತ್ತೆ. ಕಪ್ಪಿನೊಳಗೆ ನಡುವೆ ಹಿತ್ತಾಳೆಯ ಒಂದು ತೂತು ತೂತಿನ ಮೂತಿ, ಗಿಡಕ್ಕೆ ನೀರು ಹಾಕೋ ಕ್ಯಾನಿಗೆ ಇರತ್ತಲ್ಲ ಅಂಥದ್ದು, ಅಲ್ಲಿಂದ ಆಕ್ಸಿಜನ್ ಚಿಮ್ಮತ್ತೆ, ಕಪ್ಪಿನ ಗೋಡೆಯ ತೂತುಗಳಿಂದ ಆಲ್ಕೋಹಾಲ್ ಚಿಮ್ಮತ್ತೆ, ಎರಡೂ ಕಪ್ಪಿನಲ್ಲೇ ಬೆರೆತು ಕೆಳಗೆ ದೊಡ್ಡ ಹೊಟ್ಟೆಗೆ ಇಳಿದು ಉರಿಯತ್ತೆ.

ಹದಿನೆಂಟು ಯಾಕೆ? ಇದನ್ನ ಮಾಡಿದವರು ವಾಲ್ಟರ್ ಥೀಲ್ ಅನ್ನೋ ಕೆಮಿಸ್ಟ್. ಅವರ ಕೈಲಿ ಚೆನ್ನಾಗಿ ಉರಿಯೋ 1.5 ಟನ್‌ನ ಸಣ್ಣ ಎಂಜಿನ್ ಇತ್ತು, ಬೇಕಾಗಿದ್ದದ್ದು 25 ಟನ್. ಅಷ್ಟು ದೊಡ್ಡದಕ್ಕೆ ಒಂದೇ ಇಂಜೆಕ್ಟರ್ ಹೊಸದಾಗಿ ಮಾಡಿ ಪಳಗಿಸೋಕೆ ಟೈಮಿಲ್ಲ, ಯುದ್ಧ ನಡೀತಿದೆ, ಅದಕ್ಕೆ ಪಳಗಿದ್ದ ಸಣ್ಣದರ ತಲೆಗಳನ್ನೇ 18 ಸಲ ಜೋಡಿಸಿ ಕೆಳಗೆ ಒಂದೇ ಹೊಟ್ಟೆ ಕೊಟ್ರು. ನೋಡೋಕೆ ಗೋಜಲು, ಮಾಡೋಕೆ ಇನ್ನೂ ಗೋಜಲು. ಒಂದೇ ಚಪ್ಪಟೆ ಪ್ಲೇಟಿನ ಇಂಜೆಕ್ಟರ್ ಮಾಡೋ ಪ್ರಯತ್ನಾನೂ ಜರ್ಮನರ ರಾಕೆಟ್ ಕೇಂದ್ರ ಪೀನೆಮ್ಯುಂಡೆಯಲ್ಲಿ ನಡೀತಿತ್ತು, ಆದ್ರೆ ಉತ್ಪಾದನೆಗೆ ಹೋಗಿದ್ದು ಕಪ್ಪುಗಳ ತಲೇನೇ. ಥೀಲ್ 1943ರ ಆಗಸ್ಟ್‌ನಲ್ಲಿ ಬ್ರಿಟಿಷರು ಪೀನೆಮ್ಯುಂಡೆ ಮೇಲೆ ಬಾಂಬ್ ಹಾಕಿದ ರಾತ್ರಿ ಮನೆಯವರ ಜೊತೆ ಸತ್ತುಹೋದ್ರು.

ಗೋಡೆ ಉಳಿಸಿಕೊಳ್ಳೋಕೆ ಅವರು ಮೂರು ಉಪಾಯ ಒಟ್ಟಿಗೆ ಮಾಡಿದ್ರು. ಇಂಧನ 75 ಪಾಲು ಆಲ್ಕೋಹಾಲ್, 25 ಪಾಲು ನೀರು. ಉರಿಯೋದಕ್ಕೆ ನೀರು ಯಾಕೆ ಹಾಕ್ತಾರೆ ಅಂತ ಕ್ಲಾಸಲ್ಲಿ ಎಲ್ಲರೂ ಕೇಳ್ತಾರೆ, ಜ್ವಾಲೆಯ ಶಾಖ ಇಳಿಸೋಕೆ. ಎರಡನೇದು, ಆ ಇಂಧನಾನ ಚೇಂಬರ್‌ಗೆ ಬಿಡೋ ಮೊದಲು ಜೋಡಿ ಗೋಡೆಯ ಮಧ್ಯೆ ಹರಿಸಿದ್ರು. ಒಲೆ ಮೇಲಿನ ಪಾತ್ರೇಲಿ ನೀರು ಇರೋವರೆಗೂ ತಳ ಹತ್ತಲ್ಲ, ಇಂಗಿದ ಕ್ಷಣ ಹತ್ತತ್ತೆ ಅಲ್ವಾ, ಅದೇ ಲೆಕ್ಕ. ಮೂರನೇದು, ಗೋಡೆಯಲ್ಲೇ ಸಾಲು ಸಾಲು ಸಣ್ಣ ತೂತು ಕೊರೆದು ಅಲ್ಲಿಂದ ಒಂಚೂರು ಆಲ್ಕೋಹಾಲ್ ಒಳಗೋಡೆ ಮೇಲೆ ಪೊರೆ ಥರ ಹರೀತಿರೋ ಹಾಗೆ ಮಾಡಿದ್ರು. ಈ ಪೊರೆ ಉಪಾಯ ನೆನಪಿಟ್ಕೊಳ್ಳಿ, ವಿಕಾಸ್ ವಿಷಯಕ್ಕೆ ಬಂದಾಗ ಬೇಕಾಗತ್ತೆ.

ಇನ್ನು ಪಂಪು. ಸೆಕೆಂಡಿಗೆ ಸುಮಾರು 125 ಕೆಜಿ ಒಳಗೆ ಹೋಗಬೇಕು, ಅಂದ್ರೆ ಪ್ರತಿ ಸೆಕೆಂಡೂ ಎರಡೂವರೆ ಮೂಟೆ ಅಕ್ಕಿಯಷ್ಟು ತೂಕ, ಹೀಗೆ ಒಂದು ನಿಮಿಷದ ಮೇಲೆ. ಇದಕ್ಕೆ ಹೈಡ್ರೋಜನ್ ಪೆರಾಕ್ಸೈಡ್‌ನ ಪರ್ಮಾಂಗನೇಟ್ ದ್ರಾವಣದ ಜೊತೆ ಸೇರಿಸಿ ಹಬೆ ಎಬ್ಬಿಸಿ ಟರ್ಬೈನ್ ತಿರುಗಿಸ್ತಿದ್ರು, ನಿಮಿಷಕ್ಕೆ 3,800 ಸುತ್ತು, 500 ಹಾರ್ಸ್‌ಪವರ್‌ಗೂ ಮೇಲೆ. 1942ರ ಅಕ್ಟೋಬರ್ 3ಕ್ಕೆ ಇದು ಮೊದಲ ಸಲ ಸರಿಯಾಗಿ ಹಾರಿತು. 1926ರ ಮಾರ್ಚ್ 16ರಂದು ಅಮೆರಿಕದ ಆಬರ್ನ್‌ನಲ್ಲಿ ರಾಬರ್ಟ್ ಗೊಡ್ಡಾರ್ಡ್ ಹಾರಿಸಿದ ಪ್ರಪಂಚದ ಮೊದಲ ಲಿಕ್ವಿಡ್ ರಾಕೆಟ್ ಎರಡೂವರೆ ಸೆಕೆಂಡ್ ಹಾರಿ 12 ಮೀಟರ್ ಮೇಲೆ ಹೋಗಿ ಹೊಲಕ್ಕೆ ಬಿದ್ದಿತ್ತು, ಅಲ್ಲಿಂದ ಇಲ್ಲಿಗೆ ಹದಿನಾರೇ ವರ್ಷ. ಒಂದು ಮಾತು ನಿಮ್ಮ ಸೆಮಿನಾರ್‌ನಲ್ಲಿ ದಯವಿಟ್ಟು ಬಿಡಬೇಡಿ. ಈ ರಾಕೆಟ್‌ಗಳನ್ನ ಸಾವಿರಗಟ್ಟಲೆ ಮಾಡಿದ್ದು ಮಿಟ್ಟೆಲ್‌ಬಾವ್-ಡೋರಾ ಕ್ಯಾಂಪಿನ ಕೈದಿಗಳು, ಸುರಂಗದೊಳಗೆ, ಹೊಟ್ಟೆಗಿಲ್ಲದೆ. ಆ ಕ್ಯಾಂಪಿಗೆ ಬಂದ ಸುಮಾರು 60,000 ಜನರಲ್ಲಿ ಸುಮಾರು 20,000 ಜನ ಸತ್ರು. ಎಂಜಿನ್ ಬಗ್ಗೆ ಎಷ್ಟೇ ಮೆಚ್ಚುಗೆ ಇದ್ರೂ ಇದನ್ನ ಹೇಳದೆ ವಿ-2 ಬಗ್ಗೆ ಮಾತಾಡೋಕೆ ನನಗೆ ಆಗಲ್ಲ.

ಕೂಗೋ ಬೆಂಕಿ ವಿಷಯ. ಬಚ್ಚಲು ಮನೇಲಿ ರಾಗ ಎಳೀತಿದ್ರೆ ಯಾವುದೋ ಒಂದು ಸ್ವರಕ್ಕೆ ಇಡೀ ಬಚ್ಚಲು ಗುಂಯ್ ಅನ್ನತ್ತೆ, ಗಮನಿಸಿರ್ತೀರಿ. ಚೇಂಬರಿಗೂ ಅಂಥ ಸ್ವರ ಇದೆ. ಒಳಗೆ ಆ ಸ್ವರದ ಒಂದು ಸಣ್ಣ ಅಲೆ ಎದ್ರೆ ಒತ್ತಡ ಏರಿದ ಕಡೆ ಇಂಧನ ಜಾಸ್ತಿ ಉರಿಯತ್ತೆ, ಜಾಸ್ತಿ ಉರಿದ್ರೆ ಒತ್ತಡ ಇನ್ನೂ ಏರತ್ತೆ, ಸೆಕೆಂಡಿಗೆ ಸಾವಿರ ಎರಡು ಸಾವಿರ ಸಲ ಹೀಗೇ ಒಂದಕ್ಕೊಂದು ಏಣಿ ಹಾಕ್ಕೊಂಡು ಹೋಗತ್ತೆ, ಗೋಡೆಗೆ ಅಂಟ್ಕೊಂಡಿದ್ದ ತಂಪು ಪೊರೆ ಕಿತ್ಹೋಗತ್ತೆ, ಕಣ್ಣು ಮಿಟುಕಿಸೋದ್ರೊಳಗೆ ಇಂಜೆಕ್ಟರ್ ಕರಗಿರತ್ತೆ. ಇದನ್ನೇ ಕಂಬಶ್ಚನ್ ಇನ್‌ಸ್ಟೆಬಿಲಿಟಿ ಅನ್ನೋದು. ಚೇಂಬರ್ ದೊಡ್ಡದಾದಷ್ಟೂ ಸ್ವರ ಕೆಳಗಿಳಿಯತ್ತೆ, ಇಳಿದಷ್ಟೂ ಹನಿಗಳು ಉರಿಯೋ ವೇಗಕ್ಕೆ ತಾಳ ಕೂಡತ್ತೆ. ಸಣ್ಣ ಚೇಂಬರ್‌ನ ಸ್ವರ ಕೀರಲು, ಅಷ್ಟು ವೇಗಕ್ಕೆ ಉರಿ ತಾಳ ಹಾಕೋಕಾಗಲ್ಲ, ತಾನಾಗೇ ತಣ್ಣಗಾಗತ್ತೆ. ವಿ-2 ದೊಡ್ಡದಿದ್ರೂ ಬಚಾವಾಗಿದ್ದಕ್ಕೆ ಕಡಿಮೆ ಒತ್ತಡ, ನೀರು ಬೆರೆಸಿದ ಇಂಧನ, ಮತ್ತೆ ಉರಿಯನ್ನ ಹಂಚಿಟ್ಟ ಆ 18 ಕಪ್ಪು ಎಲ್ಲದರ ಪಾಲೂ ಇದೆ.

ನಾನು ಕೆಲಸ ಮಾಡಿದ್ದು ಟೆಸ್ಟ್ ಸ್ಟ್ಯಾಂಡ್‌ಗಳಲ್ಲಿ, ಒಂದು ಸಂಗತಿ ಹೇಳ್ತೀನಿ. ಇಂಜೆಕ್ಟರ್ ಬಂದ ತಕ್ಷಣ ಬೆಂಕಿ ಹಚ್ಚಲ್ಲ, ಮೊದಲು ನೀರು ಬಿಟ್ಟು ನೋಡ್ತೀವಿ, ಕೋಲ್ಡ್ ಫ್ಲೋ ಅಂತೀವಿ. ಒಂದು ಸಣ್ಣ ಎಂಜಿನ್‌ನ ಇಂಜೆಕ್ಟರ್‌ಗೆ ನೀರು ಬಿಟ್ಟಾಗ ನೂರಾರು ಧಾರೆ ನೆಟ್ಟಗೆ ಬರ್ತಿವೆ, ಅಂಚಿನ ಹತ್ರ ಒಂದೇ ಒಂದು ಧಾರೆ ಕೂದಲೆಳೆಯಷ್ಟು ಸೊಟ್ಟ. ಲೆನ್ಸ್ ಹಾಕಿ ನೋಡಿದ್ರೆ ತೂತಿನ ಬಾಯಲ್ಲಿ ಡ್ರಿಲ್ ಬಿಟ್ಟ ಒಂದು ಚೂರು ಒರಟು ಅಂಚು, ಉಗುರಿಗೂ ಸಿಗದಷ್ಟು. ಇಷ್ಟೇ ತಾನೆ ಅಂತ ಹಾಗೇ ಉರಿಸಿದ್ವಿ. ಆಮೇಲೆ ಬಿಚ್ಚಿ ನೋಡಿದಾಗ ಆ ತೂತಿನ ಕೆಳಗೇ ನೇರವಾಗಿ ಗೋಡೆ ಉದ್ದಕ್ಕೂ ಬೆರಳಗಲದ ನೀಲಿ-ಕಂದು ಗೆರೆ, ಇನ್ನು ಕೆಲವು ಸೆಕೆಂಡ್ ಉರಿದಿದ್ರೆ ತೂತು ಬೀಳ್ತಿತ್ತು. ಅವತ್ತಿಂದ ಯಾವ ಎಂಜಿನ್ ಕಂಡ್ರೂ ನನ್ನ ಕಣ್ಣು ಮೊದಲು ಹೋಗೋದು ಇಂಜೆಕ್ಟರ್ ಕಡೆಗೇ.

ರಷ್ಯಾಕ್ಕೆ ಬರೋಣ. ಕಾಪಿ ಅನ್ನೋದು ಅರ್ಧ ನಿಜ. 1947ರ ಅಕ್ಟೋಬರ್‌ನಲ್ಲಿ ತಮ್ಮ ರಾಕೆಟ್ ಪರೀಕ್ಷೆಯ ಜಾಗ ಕಪುಸ್ತಿನ್ ಯಾರ್‌ನಲ್ಲಿ ಅವರು ಮೊದಲು ಹಾರಿಸಿದ್ದು ಜರ್ಮನ್ ವಿ-2ಗಳನ್ನೇ, ಮರು ವರ್ಷ ಹಾರಿಸಿದ ಆರ್-1ರ ಆರ್‌ಡಿ-100 ಎಂಜಿನ್ ಪೂರಾ ಅದರದೇ ನಕಲು. ಆದ್ರೆ ಅದನ್ನ ಮಾಡಿಸಿದ ವ್ಯಾಲೆಂಟಿನ್ ಗ್ಲುಷ್ಕೊ ಜರ್ಮನರನ್ನ ನೋಡಿ ಕಲಿತವರಲ್ಲ, 1930ರ ಸುಮಾರಿಗೇ ಲೆನಿನ್‌ಗ್ರಾಡ್‌ನಲ್ಲಿ ಲಿಕ್ವಿಡ್ ಎಂಜಿನ್ ಉರಿಸ್ತಿದ್ದವರು, 1938ರಲ್ಲಿ ಸ್ಟಾಲಿನ್ ಕಾಲದ ಬಂಧನದಲ್ಲಿ ಒಳಗೆ ಹೋಗಿ ಕೈದಿಯಾಗೇ ಎಂಜಿನ್ ಕೆಲಸ ಮಾಡಿದವರು. ಅವರ ಕೈಲಿ ಇರಲಿಲ್ಲದ್ದು 25 ಟನ್ ಗಾತ್ರದ ಅನುಭವ, ಅದನ್ನ ವಿ-2 ಕೊಡ್ತು. ಅದನ್ನೇ ಹಿಂಡಿ ಹಿಂಡಿ ಆಲ್ಕೋಹಾಲ್‌ನಲ್ಲಿ ನೀರು ಕಮ್ಮಿ ಮಾಡಿ, ಒತ್ತಡ ಏರಿಸಿ ಆರ್-5ರ ಆರ್‌ಡಿ-103ರಲ್ಲಿ ಸುಮಾರು 44 ಟನ್‌ವರೆಗೂ ತಂದ್ರು. ಅಲ್ಲಿಗೆ ಆ ಹಂಡೆಯ ಕಥೆ ಮುಗೀತು, ಇನ್ನು ಎಳೆದ್ರೆ ಹರಿಯತ್ತೆ.

ಮುಂದಿನ ಹೆಜ್ಜೆ ಸೀಮೆಎಣ್ಣೆ. ಆಲ್ಕೋಹಾಲ್‌ಗಿಂತ ಜಾಸ್ತಿ ಶಕ್ತಿ, ಜಾಸ್ತಿ ಬಿಸಿ. 120 ಟನ್‌ನ ಒಂದೇ ಚೇಂಬರ್ ಅಂತ ಆರ್‌ಡಿ-110 ಶುರು ಮಾಡಿದ್ರು, ಆಗಲಿಲ್ಲ. ಆರ್-7ಗೆ ಅಂತ ಸುಮಾರು 55 ಟನ್‌ನ ಆರ್‌ಡಿ-105 ಶುರು ಮಾಡಿದ್ರು, ಅದೂ ಒಂದೇ ಚೇಂಬರ್, ಅದೂ ಕೂಗ್ತು. ಅಷ್ಟರಲ್ಲಿ ಆರ್-7 ಹೊರಬೇಕಿದ್ದ ಬಾಂಬಿನ ತೂಕ ಜಾಸ್ತಿಯಾಯ್ತು, ರಾಕೆಟ್ ದೊಡ್ಡದಾಗಬೇಕಾಯ್ತು, ಇನ್ನೂ ದೊಡ್ಡ ಚೇಂಬರ್ ಬೇಕಾಯ್ತು, ಇರೋದೇ ಕೈಗೆ ಬರ್ತಿಲ್ಲ. ಆಗ ಗ್ಲುಷ್ಕೊ ತಿರುಗಿ ನಿಂತ್ರು. 43 ಸೆಂಟಿಮೀಟರ್‌ನ ಸಣ್ಣ ಚೇಂಬರ್ ಉರೀತಿದೆ ತಾನೆ, ಅಂಥ ನಾಲ್ಕು ಇಡೋಣ, ಪಂಪ್ ಮಾತ್ರ ಒಂದೇ ಇರಲಿ ಅಂದ್ರು. ಥೀಲ್ ಮಾಡಿದ್ದೇನು ನೆನಪಿದ್ಯಾ? ಪಳಗಿದ ಸಣ್ಣದನ್ನ ಹಲವು ಸಲ ಇಡೋದು. ಥೀಲ್ ತಲೆಗಳನ್ನ ಒಡೆದು ಹೊಟ್ಟೆ ಒಂದೇ ಇಟ್ರು, ಗ್ಲುಷ್ಕೊ ಹೊಟ್ಟೆಯನ್ನೂ ಒಡೆದ್ರು. ಆಮೇಲೆ ಒಂದು ಲಾಭ ಪುಕ್ಕಟೆ ಬಂತು, ಸಣ್ಣ ನಾಝಲ್‌ನ ಉದ್ದವೂ ಸಣ್ಣದು, ಇಡೀ ಎಂಜಿನ್ ಗಿಡ್ಡ ಆಯ್ತು, ರಾಕೆಟ್ ತೂಕ ಉಳೀತು.

ತಲೆ ಮತ್ತೆ ಗೋಡೆ ಮಾತ್ರ ಇಲ್ಲಿ ಪೂರಾ ಬೇರೆ. ಕಪ್ಪುಗಳಿಲ್ಲ, ಚಪ್ಪಟೆ ತಲೆ, ಅದರಲ್ಲಿ ಉಂಗುರ ಉಂಗುರವಾಗಿ ನೂರಾರು ಸಣ್ಣ ಮೂತಿಗಳು, ಒಂದೊಂದೂ ದ್ರವಾನ ತಿರುಗಿಸಿ ಛತ್ರಿ ಥರ ಎರಚತ್ತೆ. ಒಳಗೋಡೆ ತಾಮ್ರದ ಮಿಶ್ರಲೋಹ, ಅದರ ಬೆನ್ನ ಮೇಲೆ ಉದ್ದುದ್ದ ಕಾಲುವೆ ಕೊರೆದು ಹೊರಗಿನ ಸ್ಟೀಲ್ ಕವಚಕ್ಕೆ ಬೆಸುಗೆ ಹಾಕಿದ್ದು, ಆ ಕಾಲುವೆಗಳಲ್ಲಿ ಸೀಮೆಎಣ್ಣೆ ಓಡತ್ತೆ. ತಾಮ್ರ ಶಾಖಾನ ಬೇಗ ಹಿಂದಕ್ಕೆ ದಾಟಿಸತ್ತೆ, ಬೆನ್ನಿಗಿರೋ ಬೆಸುಗೆ ಒತ್ತಡ ತಡೀತದೆ, ಅದಕ್ಕೇ ಗೋಡೆ ತೆಳ್ಳಗಿದ್ರೂ ಉಬ್ಬಲ್ಲ. ಚಪ್ಪಟೆ ತಲೆ, ಬೆಸುಗೆ ಹಾಕಿದ ಜೋಡಿ ಗೋಡೆ ಇವೆರಡರಲ್ಲೂ ಅಲೆಕ್ಸೇಯ್ ಇಸಾಯೆವ್ ಅನ್ನೋ ಇನ್ನೊಬ್ಬ ಎಂಜಿನಿಯರ್‌ದು ದೊಡ್ಡ ಪಾಲು, ಅವರ ಹೆಸರು ಜನಕ್ಕೆ ಅಷ್ಟಾಗಿ ಗೊತ್ತಿಲ್ಲ ಅನ್ನೋದು ನನಗೆ ಬೇಜಾರು. ಜರ್ಮನ್ ಗೋಡೇಲಿ ಹೀಗೆ ಒತ್ತಡ ಹೊರೋ ದಾರೀನೇ ಇರಲಿಲ್ಲ. ಹಾಗಾಗಿ ಆರ್‌ಡಿ-107 ನಕಲು ಅನ್ನೋದು ತಪ್ಪು, ಉಳಿದಿದ್ದು ಪೆರಾಕ್ಸೈಡ್ ಟರ್ಬೈನ್ ಒಂದೇ, ಅದು ಇವತ್ತಿನ ಸೊಯುಝ್‌ನಲ್ಲೂ ಉಳಿದಿದೆ.

ಅಮೆರಿಕದವರದು ಇನ್ನೊಂದು ದಾರಿ. ನಾರ್ತ್ ಅಮೆರಿಕನ್ ಏವಿಯೇಷನ್ ಕಂಪನಿಯವರು, ಮುಂದೆ 1955ರಲ್ಲಿ ರಾಕೆಟ್‌ಡೈನ್ ಅಂತ ಬೇರೆ ವಿಭಾಗ ಆದವರು, ಮೊದಲು ವಿ-2 ಎಂಜಿನ್ ಬಿಚ್ಚಿ ಕಲಿತ್ರು, ಆಮೇಲೆ ತಾವೇ ಅದರ ಥರದ್ದು ಮಾಡಿ ನೋಡಿದ್ರು, ಮೂರನೇ ಹೆಜ್ಜೆಗೆ ಆ 18 ಕಪ್ಪು ಕಿತ್ತುಹಾಕಿ ಜರ್ಮನರು ಮುಗಿಸೋಕಾಗದೇ ಬಿಟ್ಟಿದ್ದ ಚಪ್ಪಟೆ ಪ್ಲೇಟ್ ಇಂಜೆಕ್ಟರ್ ಹಾಕಿದ್ರು. ಅದರ ವಂಶದ್ದೇ ರೆಡ್‌ಸ್ಟೋನ್‌ನ ಎ-7, ಸುಮಾರು 35 ಟನ್, ಚೇಂಬರ್ ಒತ್ತಡ 20 ಬಾರ್‌ಗೆ ಸ್ವಲ್ಪ ಮೇಲೆ, ಇಂಧನ ಅದೇ ನೀರು ಬೆರೆಸಿದ ಆಲ್ಕೋಹಾಲ್, ಟರ್ಬೈನ್‌ಗೆ ಅದೇ ಪೆರಾಕ್ಸೈಡ್. ಅಂದ್ರೆ ಹಳೇ ಮನೆಗೆ ಹೊಸ ಚಾವಣಿ. 1958ರ ಜನವರಿ 31ರಂದು ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1 ಹಾರಿಸಿದ ಜುಪಿಟರ್-ಸಿಯ ಕೆಳಹಂತ ಇದೇ ಎಂಜಿನ್, ಆದ್ರೆ ಆಲ್ಕೋಹಾಲ್ ಬದಲು ಹೈಡೈನ್ ಅನ್ನೋ ಹೊಸ ಇಂಧನ ಹಾಕಿದ್ರು. 1961ರಲ್ಲಿ ಅಮೆರಿಕದ ಮೊದಲ ಗಗನಯಾತ್ರಿ ಆಲನ್ ಶೆಪರ್ಡ್‌ನ ಮೇಲಕ್ಕೆ ಒಯ್ದಿದ್ದೂ ಈ ಸಂತಾನಾನೇ.

ನಿಜವಾದ ಜಿಗಿತ ಆಗಿದ್ದು ಸೀಮೆಎಣ್ಣೆ ಎಂಜಿನ್‌ಗಳಲ್ಲಿ, ಥಾರ್, ಜುಪಿಟರ್, ಅಟ್ಲಾಸ್ ಮೂರು ಮಿಸೈಲ್‌ಗೂ ಒಂದೇ ಮನೆತನ, ಸುಮಾರು 68 ಟನ್, ಒಂದೇ ಚೇಂಬರ್. ಗೋಡೇನ ಅವರು ಕಾಲುವೆ ಕೊರೆದು ಮಾಡಲಿಲ್ಲ, ನೂರಾರು ತೆಳು ಟ್ಯೂಬ್‌ಗಳನ್ನ ಪಕ್ಕಪಕ್ಕ ನಿಲ್ಲಿಸಿ, ಸೊಂಟದ ಹತ್ರ ಸಪೂರ ಮಾಡಿ, ಬೆಸುಗೆ ಹಾಕಿ ಸುತ್ತ ಪಟ್ಟಿ ಕಟ್ಟಿದ್ರು, ಬಿದಿರು ಕಡ್ಡಿ ನಿಲ್ಲಿಸಿ ಬುಟ್ಟಿ ಹೆಣೆದ ಹಾಗೆ. ಟ್ಯೂಬೇ ಗೋಡೆ, ಟ್ಯೂಬೊಳಗೆ ಓಡೋ ಸೀಮೆಎಣ್ಣೇನೇ ತಂಪು. ಬಹಳ ಹಗುರ, ನನಗೆ ಈಗಲೂ ಇದು ಅಂದದ ಕೆಲಸ ಅನ್ನಿಸತ್ತೆ. ಟರ್ಬೈನ್‌ಗೆ ಬೇರೆ ಪೆರಾಕ್ಸೈಡ್ ಟ್ಯಾಂಕ್ ಬೇಡ ಅಂತ ಮುಖ್ಯ ಟ್ಯಾಂಕಿನದೇ ಒಂಚೂರು ಸೀಮೆಎಣ್ಣೆ ಆಕ್ಸಿಜನ್ ಪಕ್ಕದ ಸಣ್ಣ ಗ್ಯಾಸ್ ಜನರೇಟರ್‌ನಲ್ಲಿ ಉರಿಸಿದ್ರು, ಇದು ರಷ್ಯಾದವರಿಗಿಂತ ಒಂದು ಹೆಜ್ಜೆ ಮುಂದೆ. ಆದ್ರೆ ಚೇಂಬರ್ ಒತ್ತಡ 40 ಬಾರ್‌ನ ಆಸುಪಾಸಲ್ಲೇ ಇಟ್ಕೊಂಡ್ರು. ಅಲ್ಲಿಗೂ ಕೂಗು ಬಿಡಲಿಲ್ಲ, ಇಂಜೆಕ್ಟರ್ ಮುಖದ ಮೇಲೆ ತಾಮ್ರದ ತಡೆಗೋಡೆಗಳನ್ನ ಎಬ್ಬಿಸಿ ಅಲೆ ಅಡ್ಡಡ್ಡ ಓಡದ ಹಾಗೆ ಮಾಡಿ ಪಳಗಿಸೋ ವಿದ್ಯೆ ಅವರು ಕಲಿತ್ರು, ಅದೇ ವಿದ್ಯೆ ಮುಂದೆ ಚಂದ್ರನಿಗೆ ಹೋದ ರಾಕೆಟ್‌ನ 690 ಟನ್‌ನ ಎಫ್-1 ಎಂಜಿನ್‌ನಲ್ಲಿ ಕೆಲಸಕ್ಕೆ ಬಂತು, ಅಲ್ಲಿ ಉರೀತಿರೋ ಚೇಂಬರ್‌ನೊಳಗೇ ಸಣ್ಣ ಬಾಂಬ್ ಸಿಡಿಸಿ ಅಲೆ ಎಬ್ಬಿಸಿ ತಾನಾಗೇ ಅಡಗತ್ತಾ ಅಂತ ನೋಡ್ತಿದ್ರು.

ಇನ್ನೊಂದು ವಿಷಯದಲ್ಲಿ ಎರಡೂ ದೇಶದವರಿಗೂ ಒಂದೇ ಭಯ. ಮೇಲೆ ಹೋದಮೇಲೆ, ಗಾಳಿ ಇಲ್ಲದ ಕಡೆ ದೊಡ್ಡ ಲಿಕ್ವಿಡ್ ಎಂಜಿನ್ ಹೊತ್ಕೊಳ್ಳತ್ತಾ? ಯಾರಿಗೂ ಧೈರ್ಯ ಇರಲಿಲ್ಲ. ಅದಕ್ಕೇ ಅಟ್ಲಾಸ್‌ನ ಮೂರೂ ಎಂಜಿನ್ ನೆಲದ ಮೇಲೇ ಹೊತ್ತಿಸ್ತಿದ್ರು, ಆರ್-7ನ ಮಧ್ಯದ ಆರ್‌ಡಿ-108, ಪಕ್ಕದ ನಾಲ್ಕು ಆರ್‌ಡಿ-107, ಎಲ್ಲಾನೂ ನೆಲದ ಮೇಲೇ. ಒಟ್ಟು 20 ದೊಡ್ಡ ಚೇಂಬರ್, ದಿಕ್ಕು ತಿರುಗಿಸೋಕೆ 12 ಸಣ್ಣವು. ಈ 32ನ್ನೂ ಹೊತ್ತಿಸೋದು ಹೇಗೆ ಗೊತ್ತಾ? ಬರ್ಚ್ ಮರದ ಕಡ್ಡಿ! ಇಂಗ್ಲಿಷ್ ಟೀ ಅಕ್ಷರದ ಆಕಾರದ ಉದ್ದ ಕಡ್ಡಿ, ತುದೀಲಿ ಮದ್ದು, ಅದನ್ನ ಕೆಳಗಿಂದ ನಾಝಲ್‌ನೊಳಗೆ ತೂರಿಸಿ ನಿಲ್ಲಿಸ್ತಾರೆ, ಮದ್ದು ಸರಿಯಾಗಿ ಹೊತ್ಕೊಂಡ್ರೆ ಅಲ್ಲಿಟ್ಟ ತಂತಿ ಕಡಿದು ಸಿಗ್ನಲ್ ಬರತ್ತೆ, ಎಲ್ಲಾ ಕಡ್ಡಿಗಳ ಸಿಗ್ನಲ್ ಬಂದ್ರೆ ಮಾತ್ರ ವಾಲ್ವ್ ತೆರೆಯತ್ತೆ. ಗಗಾರಿನ್ ಹಾರಿದ್ದು ಹೀಗೆ.

ಆದ್ರೆ ಮಿಸೈಲ್ ಆಗಿ ನೋಡಿದ್ರೆ ಈ ಎಲ್ಲಾ ಎಂಜಿನ್‌ಗಳೂ ಕೆಟ್ಟ ಆಯ್ಕೆ, ಇದನ್ನ ಸೆಮಿನಾರ್‌ನಲ್ಲಿ ಬೇರೆ ಮಾಡಿ ಹೇಳಿ. ಲಿಕ್ವಿಡ್ ಆಕ್ಸಿಜನ್ ಮೈನಸ್ 183 ಡಿಗ್ರಿ, ತುಂಬಿಟ್ಟರೆ ಕುದಿದು ಹೋಗ್ತಾನೇ ಇರತ್ತೆ, ವೈರಿ ಹೊಡೆಯೋಕೆ ಬಂದಾಗ ಗಂಟೆಗಟ್ಟಲೆ ಟ್ಯಾಂಕ್ ತುಂಬಿಸ್ತಾ ಕೂರೋಕಾಗಲ್ಲ. ಅದಕ್ಕೆ ಮಿಲಿಟರಿಯವರಿಗೆ ಬೇಕಾಗಿದ್ದು ತುಂಬಿಡಬಹುದಾದ, ಒಂದಕ್ಕೊಂದು ತಾಗಿದ್ರೆ ತಾನೇ ಹೊತ್ಕೊಳ್ಳೋ ದ್ರವಗಳು. ಜರ್ಮನರ ವಾಸರ್‌ಫಾಲ್ ಮಿಸೈಲ್‌ನ ನೈಟ್ರಿಕ್ ಆ್ಯಸಿಡ್ ದಾರಿಯಲ್ಲೇ ಹೋಗಿ ಇಸಾಯೆವ್ ಆರ್-11ಕ್ಕೆ ಎಂಜಿನ್ ಮಾಡಿದ್ರು, ಜನ ಸ್ಕಡ್ ಅಂತಾರಲ್ಲ ಅದರ ಮೂಲ. ಎಂಜಿನ್ ಸರಳವಾಯ್ತು, ಅಪಾಯ ಮಾತ್ರ ಟ್ಯಾಂಕ್ ಸುತ್ತ ನಿಂತವರ ಮೇಲೆ ಬಂತು. 1960ರ ಅಕ್ಟೋಬರ್ 24ರಂದು ಬೈಕನೂರಿನಲ್ಲಿ ಇಂಥ ದ್ರವ ತುಂಬಿ ನಿಂತಿದ್ದ ಆರ್-16 ಮಿಸೈಲ್‌ನ ಎರಡನೇ ಹಂತ ಪ್ಯಾಡ್ ಮೇಲೇ ಹೊತ್ಕೊಂಡು ಮಾರ್ಷಲ್ ನೆಡೆಲಿನ್ ಸೇರಿ 70ಕ್ಕೂ ಹೆಚ್ಚು ಜನ ಸುಟ್ಟುಹೋದ್ರು. 1980ರಲ್ಲಿ ಅಮೆರಿಕದ ಅರ್ಕನ್ಸಾದಲ್ಲಿ ಟೈಟನ್-2 ಮಿಸೈಲ್ ಇಟ್ಟಿದ್ದ ನೆಲದಡಿಯ ಬಾವಿಯೊಳಗೆ ಕೆಲಸದವರ ಕೈಯಿಂದ ಜಾರಿದ ಒಂದು ಸಾಕೆಟ್ ಟ್ಯಾಂಕ್‌ಗೆ ತೂತು ಮಾಡಿ ಮಿಸೈಲೇ ಸಿಡೀತು.

ನಮ್ಮ ದೇಶಕ್ಕೆ ಇವುಗಳ ನಂಟು ಎರಡು ಕಡೆಯಿಂದ. ಹೈದರಾಬಾದಿನ ರಕ್ಷಣಾ ಪ್ರಯೋಗಾಲಯ ಡಿಆರ್‌ಡಿಎಲ್‌ನವರು 70ರ ದಶಕದಲ್ಲಿ ರಷ್ಯಾದ ವಿಮಾನ ಹೊಡೆಯೋ ಎಸ್‌ಎ-2 ಮಿಸೈಲ್ ಬಿಚ್ಚಿ ಕಲಿತ್ರು, ಅದರ ಎಂಜಿನ್ ಇಸಾಯೆವ್ ಅವರ ಮನೆಯದೇ, ಸುಮಾರು ಮೂರು ಟನ್‌ದು, ಅಲ್ಲಿ ಕಲಿತದ್ದು 1988ರ ಫೆಬ್ರವರಿ 25ರಂದು ಮೊದಲ ಸಲ ಹಾರಿದ ಪೃಥ್ವಿಯ ಜೋಡಿ ಎಂಜಿನ್‌ಗೆ ಬಂತು.

ಇನ್ನೊಂದು ವಿಕಾಸ್. ಯುದ್ಧ ಮುಗಿದ ಮೇಲೆ ಪೀನೆಮ್ಯುಂಡೆಯ ಜನ ಅಮೆರಿಕ, ರಷ್ಯಾಕ್ಕೆ ಮಾತ್ರ ಹೋಗಲಿಲ್ಲ, ಒಂದಷ್ಟು ಜನ ಫ್ರಾನ್ಸ್‌ನ ವೆರ್ನೋ ಊರಿಗೆ ಹೋದ್ರು, ಅವರಲ್ಲಿ ಕಾರ್ಲ್-ಹೈನ್ಸ್ ಬ್ರಿಂಗರ್ ಒಬ್ಬರು. ಅವರ ಕೆಲಸ ವೆರೋನಿಕ್ ರಾಕೆಟ್‌ನಿಂದ ಬೆಳೆದು ವೈಕಿಂಗ್ ಎಂಜಿನ್ ಆಯ್ತು, ನಮ್ಮ ವಿಕಾಸ್‌ನ ಮೂಲ ಅದೇ. ಅದರ ತಲೆ ನೋಡಿ, ಇಲ್ಲಿವರೆಗೂ ಹೇಳಿದ ಯಾವುದರ ಥರಾನೂ ಇಲ್ಲ. ಮೇಲಿಂದ ಕೆಳಗೆ ಎರಚೋ ಪ್ಲೇಟೇ ಇಲ್ಲ, ಚೇಂಬರ್‌ನ ಮೇಲ್ಭಾಗದಲ್ಲಿ ಸುತ್ತ ಬಳೆ ಥರ ಕೂತ ಇಂಜೆಕ್ಟರ್ ಪಕ್ಕದಿಂದ ನಡುವಿಗೆ ಎರಚತ್ತೆ. ಗೋಡೇಲಿ ಕಾಲುವೆ ಇಲ್ಲ, ಟ್ಯೂಬ್ ಇಲ್ಲ, ಇಂಧನದ ಪೊರೆಯನ್ನ ಒಳಗೋಡೆ ಮೇಲೆ ಇಳಿಬಿಟ್ಟು ಅದರಲ್ಲೇ ಕಾಪಾಡ್ಕೊಳ್ಳತ್ತೆ. ವಿ-2ನ ಮೂರು ಉಪಾಯದಲ್ಲಿ ಮೂರನೇದು ಅಂದೆನಲ್ಲ, ಅದೊಂದನ್ನೇ ಹಿಡಿದು ಕೊನೇವರೆಗೂ ಹೋದವರು ಇವರು. ಗ್ಯಾಸ್ ಜನರೇಟರ್ ಬಿಸಿ ತಗ್ಗಿಸೋಕೆ ಇಲ್ಲೂ ನೀರು ಬಿಡ್ತಾರೆ. ಒಂದಷ್ಟು ಇಂಧನ ಪೊರೆಗೇ ಖರ್ಚಾಗಿ ದಕ್ಷತೆ ಸ್ವಲ್ಪ ಕಮ್ಮಿ ಆಗತ್ತೆ, ಬದಲಿಗೆ ಮಾಡೋದು ಎಷ್ಟೋ ಸುಲಭ. 1974ರ ಒಪ್ಪಂದದಲ್ಲಿ ಇಸ್ರೋ ಎಂಜಿನಿಯರ್‌ಗಳು ವೆರ್ನೋಗೆ ಹೋಗಿ ಅವರ ಜೊತೆ ದುಡಿದ್ರು, ಆ ದುಡಿಮೆಗೆ ಪ್ರತಿಯಾಗಿ ತಂತ್ರಜ್ಞಾನ ಸಿಕ್ತು, ಆ ತಂಡ ನಡೆಸಿದವರು ನಂಬಿ ನಾರಾಯಣನ್. 1985ರಲ್ಲಿ ನಮ್ಮ ವಿಕಾಸ್ ವೆರ್ನೋದಲ್ಲೇ ಟೆಸ್ಟ್ ಆಗಿ ಪಾಸಾಯ್ತು. ಪಿಎಸ್‌ಎಲ್‌ವಿಯ ಎರಡನೇ ಹಂತದಲ್ಲಿ ಅದು ಕೊಡೋದು ಸುಮಾರು 80 ಟನ್, ಒಂದೇ ಚೇಂಬರ್, ಒತ್ತಡ 58 ಬಾರ್‌ನ ಹತ್ರ, ಅಂದ್ರೆ ಆರ್‌ಡಿ-107 ನಾಲ್ಕು ಚೇಂಬರಲ್ಲಿ ಮುಟ್ಟಿದ ಜಾಗವೇ. ಕೂಗು ಇದನ್ನೂ ಬಿಟ್ಟಿರಲಿಲ್ಲ. 1980ರ ಮೇ 23ರಂದು ವೈಕಿಂಗ್ ಎಂಜಿನ್ ಇದ್ದ ಯುರೋಪಿನ ರಾಕೆಟ್ ಏರಿಯನ್‌ನ ಎರಡನೇ ಹಾರಾಟ ಬಿದ್ದಿದ್ದು ವೈಕಿಂಗ್ ಚೇಂಬರ್ ಒಂದರಲ್ಲಿ ಎದ್ದ ಇದೇ ಇನ್‌ಸ್ಟೆಬಿಲಿಟಿಯಿಂದ, ಆಮೇಲೆ ಇಂಜೆಕ್ಟರ್ ತೂತುಗಳನ್ನ ತಿದ್ದಿದ್ರು, ಇಂಧನದಲ್ಲಿ 25 ಪಾಲು ಹೈಡ್ರಜೀನ್ ಹೈಡ್ರೇಟ್ ಬೆರೆಸಿದ್ರು.

ಯಾವುದು ಬೆಸ್ಟ್ ಅಂತ ಕೇಳಿದ್ರಲ್ಲ, ಇಷ್ಟು ಹೇಳಿದ ಮೇಲೆ ನನ್ನ ಮತ ಮುಚ್ಚಿಡಲ್ಲ. ಯಾರೂ ನಡೆದಿಲ್ಲದ ದಾರೀಲಿ ಮೊದಲು ನಡೆದದ್ದಕ್ಕೆ ವಿ-2 ತಲೆ, ಹಗುರದ ಕೈಕೆಲಸಕ್ಕೆ ಅಟ್ಲಾಸ್‌ನ ಟ್ಯೂಬ್ ಗೋಡೆ, ಆದ್ರೆ ಒಟ್ಟು ಎಂಜಿನ್ ಅಂತ ಒಂದನ್ನೇ ಆರಿಸು ಅಂದ್ರೆ ಆರ್‌ಡಿ-107. ತಿದ್ದುಪಡಿ ಆಗ್ತಾ ಆಗ್ತಾ ಅದರ ಮೊಮ್ಮಗ ರಷ್ಯಾದ ಸಮಾರಾದಲ್ಲಿ ಇನ್ನೂ ತಯಾರಾಗ್ತಿದೆ, ಜನರನ್ನ ಹೊತ್ಕೊಂಡು ಹೋಗ್ತಿದೆ. ಸೆಮಿನಾರ್‌ಗೆ ಸ್ಲೈಡ್ ಮಾಡುವಾಗ ನಾಝಲ್ ಫೋಟೋ ಕಮ್ಮಿ ಮಾಡಿ, ನಾಲ್ಕು ಇಂಜೆಕ್ಟರ್ ಅಕ್ಕಪಕ್ಕ ಇಡಿ, ಹದಿನೆಂಟು ಕಪ್ಪಿನದು, ರಷ್ಯಾದ ಉಂಗುರ ಮೂತಿಗಳದು, ರಾಕೆಟ್‌ಡೈನ್ ಪ್ಲೇಟು, ವಿಕಾಸ್‌ನ ಬಳೆ. ಒಂದು ಇಂಜೆಕ್ಟರ್ ತಟ್ಟೆಗೆ ಸಣ್ಣ ತೂತು ಕೊರೆಸಿ ಕಾಲೇಜ್ ವರ್ಕ್‌ಶಾಪ್‌ನಲ್ಲಿ ನಲ್ಲಿ ನೀರು ಬಿಟ್ಟು ತೋರಿಸೋಕಾದ್ರೆ ಇನ್ನೂ ಒಳ್ಳೇದು, ತೂತು ಎರಡು ಮಿಲಿಮೀಟರ್ ಸಾಕು, ಕೊರೆದ ಮೇಲೆ ಬಾಯಿಯ ಒರಟು ಅಂಚು ತೆಗೆಯೋದು ಮರೀಬೇಡಿ.